ರೋಯಿಂಗ್ ಮಷೀನ್ ಮೇಲೆ 2000 ಮೀಟರ್: ಸ್ಪರ್ಧೆಗೆ ಹನ್ನೆರಡು ವಾರದ ತಯಾರಿ

ರೋಯಿಂಗ್ ಮಷೀನ್ ಅಂದರೆ ದೋಣಿಗೆ ಹುಟ್ಟು ಹಾಕುವಂತೆ ಕೂತು ಹ್ಯಾಂಡಲ್ ಎಳೆಯುವ ವ್ಯಾಯಾಮದ ಯಂತ್ರ. ಅದರ ಮೇಲಿನ ಸ್ಪರ್ಧೆ ಬಹುಪಾಲು ಕಡೆ 2000 ಮೀಟರ್. ಪಳಗಿದವರಿಗೆ ಆರೇಳು ನಿಮಿಷ, ಹೊಸಬರಿಗೆ ಎಂಟೊಂಬತ್ತು ನಿಮಿಷದ ಕೆಲಸ. ಆಸ್ಟ್ರೇಲಿಯಾದ ಜೋಶುವಾ ಡಂಕ್ಲಿ-ಸ್ಮಿತ್ 2018ರಲ್ಲಿ ಈ ದೂರವನ್ನು 5 ನಿಮಿಷ 35.8 ಸೆಕೆಂಡಿನಲ್ಲಿ ಮುಗಿಸಿದರು. ಹೆಂಗಸರಲ್ಲಿ ಅಮೆರಿಕದ ಬ್ರೂಕ್ ಮೂನಿ 2021ರಲ್ಲಿ 6 ನಿಮಿಷ 21.1 ಸೆಕೆಂಡ್ ತೆಗೆದುಕೊಂಡರು. ವೇಗ ಯಾರದೇ ಇರಲಿ, ಇಷ್ಟು ಹೊತ್ತಿನ ಕೆಲಸಕ್ಕೆ ಬೇಕಾದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಬರುವುದು ಆಮ್ಲಜನಕದ ದಾರಿಯಿಂದಲೇ. ಆದ್ದರಿಂದ ತರಬೇತಿಯ ಬಹುಭಾಗ ನಿಧಾನವಾಗಿರಬೇಕು. ಆದರೆ ಆ ನಿಧಾನದಲ್ಲೂ ಒಂದೊಂದು ಸ್ಟ್ರೋಕ್ (ಹ್ಯಾಂಡಲನ್ನು ಒಮ್ಮೆ ಎಳೆದು ಮತ್ತೆ ಮುಂದೆ ಬರುವುದು) ಗಟ್ಟಿಯಾಗಿರಬೇಕು. ಕಡಿಮೆ ಸ್ಟ್ರೋಕ್‌ನಲ್ಲಿ ಹೆಚ್ಚು ದೂರ ಹೋಗುವುದನ್ನು ಕಲಿಯದೆ ವೇಗದ ಇಂಟರ್ವಲ್‌ಗಳಿಗೆ, ಅಂದರೆ ನಡುನಡುವೆ ಬಿಡುವು ಕೊಟ್ಟು ಜೋರಾಗಿ ಎಳೆಯುವ ತುಂಡುಗಳಿಗೆ, ಹಾರಿದವರು ಮೊದಲ ತಿಂಗಳಲ್ಲಿ ಚೆನ್ನಾಗಿಯೇ ಮುಂದೆ ಬರುತ್ತಾರೆ, ಆಮೇಲೆ ಅಲ್ಲೇ ನಿಂತುಬಿಡುತ್ತಾರೆ.

ಇಲ್ಲಿ ಕೊಟ್ಟ ಲೆಕ್ಕಗಳೆಲ್ಲ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಬಳಸುವ ಕಾನ್ಸೆಪ್ಟ್2 ಕಂಪನಿಯ ಮಷೀನಿಗೆ ಹೊಂದುವಂಥವು. ಉದಾಹರಣೆಗೆ 7 ನಿಮಿಷ 20 ಸೆಕೆಂಡ್ ಗುರಿ ಇಟ್ಟುಕೊಂಡವರನ್ನು ತೆಗೆದುಕೊಂಡಿದ್ದೇವೆ. ಅವರ ಸರಾಸರಿ ಸ್ಪ್ಲಿಟ್, ಅಂದರೆ 500 ಮೀಟರಿಗೆ ಹಿಡಿಯುವ ಸಮಯ, 1:50. ನಿಮ್ಮ ಗುರಿಯ ಸ್ಪ್ಲಿಟ್ ಬೇರೆಯಾಗಿದ್ದರೆ, ಅದಕ್ಕೂ 1:50ಕ್ಕೂ ಇರುವ ವ್ಯತ್ಯಾಸದಷ್ಟು ಸೆಕೆಂಡನ್ನು ಇಲ್ಲಿನ ಸ್ಪ್ಲಿಟ್‌ಗಳಿಗೆ ಕೂಡಿಸಿ ಅಥವಾ ಕಳೆಯಿರಿ.

ಮೊದಲು ಮಷೀನ್

ಬದಿಯಲ್ಲಿರುವ ಡ್ಯಾಂಪರ್ ಸನ್ನೆಗೆ 1ರಿಂದ 10ರವರೆಗೆ ಅಂಕಿ ಇರುತ್ತದೆ. ಹೊಸಬರು ನೇರ 10ಕ್ಕೆ ತಳ್ಳುತ್ತಾರೆ, ಹೆಚ್ಚು ಭಾರವಾದರೆ ಹೆಚ್ಚು ಲಾಭ ಎಂದುಕೊಂಡು. ಡ್ಯಾಂಪರ್ ಮಾಡುವುದು ಇಷ್ಟೇ: ಫ್ಲೈವೀಲ್, ಅಂದರೆ ನೀವು ಎಳೆದಾಗ ತಿರುಗುವ ಚಕ್ರದ, ಗೂಡಿನೊಳಗೆ ಎಷ್ಟು ಗಾಳಿ ಹೋಗಬೇಕು ಎಂದು ತೀರ್ಮಾನಿಸುತ್ತದೆ. ಗಾಳಿ ಹೆಚ್ಚು ಹೋದಷ್ಟೂ ಚಕ್ರ ಬೇಗ ನಿಧಾನವಾಗುತ್ತದೆ, ಮುಂದಿನ ಸ್ಟ್ರೋಕ್‌ನಲ್ಲಿ ಅದನ್ನು ಮತ್ತೆ ಎಬ್ಬಿಸುವುದು ಭಾರವೆನಿಸುತ್ತದೆ. ಚಕ್ರ ಎಷ್ಟು ಬೇಗ ನಿಧಾನವಾಗುತ್ತಿದೆ ಎಂಬುದನ್ನು ಮಾನಿಟರ್ ಪ್ರತಿ ಸ್ಟ್ರೋಕ್‌ನ ನಂತರವೂ ಅಳೆದು ವೇಗದ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತದೆ. ಹಾಗಾಗಿ ಡ್ಯಾಂಪರ್ ಏರಿಸಿದ ಮಾತ್ರಕ್ಕೆ ವೇಗ ಪುಕ್ಕಟೆ ಸಿಗುವುದಿಲ್ಲ. ಸಿಗುವುದು ಬೇಗ ಸೋಲುವ ಸೊಂಟ.

ನೋಡಬೇಕಾದ್ದು ಡ್ಯಾಂಪರ್ ಅಂಕಿಯನ್ನಲ್ಲ, ಡ್ರ್ಯಾಗ್ ಫ್ಯಾಕ್ಟರನ್ನು, ಅಂದರೆ ಚಕ್ರ ಎಷ್ಟು ಬೇಗ ನಿಧಾನವಾಗುತ್ತದೆ ಎಂಬುದರ ಅಳತೆಯನ್ನು. ಕಾನ್ಸೆಪ್ಟ್2ರ ಪಿಎಂ5 ಮಾನಿಟರಿನ ಮುಖ್ಯ ಮೆನುವಿನಲ್ಲಿ ‘ಮೋರ್ ಆಪ್ಷನ್ಸ್’ ಒತ್ತಿ, ಅಲ್ಲಿ ‘ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್’ ಆರಿಸಿ, ಏಳೆಂಟು ಸ್ಟ್ರೋಕ್ ಎಳೆಯಿರಿ, ಅಂಕಿ ಬರುತ್ತದೆ. ಹೆಚ್ಚಿನ ಗಂಡಸರಿಗೆ 120ರಿಂದ 135, ಹೆಂಗಸರಿಗೆ ಮತ್ತು ಕಡಿಮೆ ತೂಕದವರಿಗೆ 105ರಿಂದ 120 ಒಪ್ಪುತ್ತದೆ. ಒಂದೇ ಡ್ಯಾಂಪರ್ ಅಂಕಿಯಲ್ಲಿ ಎರಡು ಮಷೀನುಗಳು ಬೇರೆ ಬೇರೆ ಡ್ರ್ಯಾಗ್ ತೋರಿಸುವುದು ಮಾಮೂಲು. ಗೂಡಿನ ಜಾಲರಿಯಲ್ಲಿ ದೂಳು ಕಟ್ಟಿಕೊಂಡಿದ್ದರೆ ಗಾಳಿ ಒಳಗೆ ಹೋಗದೆ ಅಂಕಿ ಇಳಿದಿರುತ್ತದೆ. ಎತ್ತರದ ಪ್ರದೇಶದಲ್ಲಿ ಗಾಳಿ ತೆಳುವಾಗಿರುವುದರಿಂದಲೂ ಇಳಿಯುತ್ತದೆ. ಅದಕ್ಕೇ ನಿಮಗೆ ಒಪ್ಪಿದ ಡ್ರ್ಯಾಗ್ ಫ್ಯಾಕ್ಟರನ್ನು ಬರೆದಿಟ್ಟುಕೊಳ್ಳಿ. ಸ್ಪರ್ಧೆಯ ದಿನ ಅಪರಿಚಿತ ಮಷೀನ್ ಮೇಲೆ ಕೂತಾಗ ಕೈಹಿಡಿಯುವುದು ಈ ಒಂದು ಅಂಕಿ.

ಕಾಲಿಡುವ ಹಲಗೆಯ ಪಟ್ಟಿ ಪಾದದ ಅತಿ ಅಗಲವಾದ ಜಾಗದ ಮೇಲೆ, ಬೆರಳುಗಳ ಬುಡದ ಹತ್ತಿರ ಹಾಯ್ದುಹೋಗಬೇಕು. ಪಾದ ತೀರಾ ಮೇಲಿದ್ದರೆ ಮುಂದೆ ಬಾಗುವಾಗ ಮಂಡಿ ಎದೆಗೆ ಅಡ್ಡ ಬಂದು ಸೊಂಟ ಗುಂಡಗಾಗುತ್ತದೆ. ಬಾಗಲು ಕಷ್ಟವಾಗುವವರು ಹಲಗೆಯನ್ನು ಒಂದು ತೂತು ಕೆಳಗಿಳಿಸಿಕೊಳ್ಳಲಿ. ಪಟ್ಟಿ ಬಿಗಿಯಾಗಿರಲಿ, ಆದರೆ ಅದನ್ನು ಹಿಡಿದು ಜಗ್ಗಿ ಮುಂದೆ ಬರುವ ಅಭ್ಯಾಸ ಬೇಡ. ಇದ್ದರೆ ಅದನ್ನು ಬಿಡಿಸಲು ಸುಲಭ ಉಪಾಯವಿದೆ: ವಾರ್ಮಪ್‌ನ ಮೊದಲ ಐದು ನಿಮಿಷ ಪಟ್ಟಿ ಬಿಚ್ಚಿಟ್ಟು ಎಳೆಯಿರಿ. ಹಿಂದಕ್ಕೆ ಅತಿಯಾಗಿ ವಾಲಿದ ಕೂಡಲೇ ಪಾದ ಹಲಗೆಯಿಂದ ಎದ್ದು ತಪ್ಪು ತಾನೇ ತೋರುತ್ತದೆ.

ಸೀಟು ಓಡುವ ಹಳಿಯನ್ನು ದಿನಾ ಬಟ್ಟೆಯಿಂದ ಒರೆಸಿ. ಚೈನಿಗೆ ಸುಮಾರು 50 ಗಂಟೆ ಬಳಕೆಗೊಮ್ಮೆ ಎಣ್ಣೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ.

ಸ್ಟ್ರೋಕ್, ಬಿಡಿಸಿ ನೋಡಿದರೆ

ಸ್ಟ್ರೋಕ್‌ಗೆ ನಾಲ್ಕು ಘಟ್ಟ: ಕ್ಯಾಚ್ (ಮುಂದೆ ಬಂದು ಎಳೆತ ಶುರುವಾಗುವ ಜಾಗ), ಡ್ರೈವ್ (ತಳ್ಳಿ ಎಳೆಯುವುದು), ಫಿನಿಶ್ (ಎಳೆತದ ಕೊನೆ), ರಿಕವರಿ (ಮತ್ತೆ ಮುಂದೆ ಬರುವುದು). ಡ್ರೈವ್‌ನಲ್ಲಿ ಕ್ರಮ ಕಾಲು, ಬೆನ್ನು, ಕೈ. ರಿಕವರಿಯಲ್ಲಿ ಅದೇ ಕ್ರಮ ತಿರುಗುಮುರುಗು: ಕೈ, ಬೆನ್ನು, ಕಾಲು. ಹೇಳಲು ಒಂದು ಸಾಲು. ದಣಿದ ಮೈಯಲ್ಲಿ ಇದು ಕೆಡದಂತೆ ಇಟ್ಟುಕೊಳ್ಳುವುದಕ್ಕೆ ತಿಂಗಳುಗಳೇ ಬೇಕು.

ಕ್ಯಾಚ್‌ನಲ್ಲಿ ಮೊಣಕಾಲಿನ ಕೆಳಗಿನ ಮೂಳೆ ನೆಲಕ್ಕೆ ನೆಟ್ಟಗೆ ನಿಂತಿರಬೇಕು, ಅದಕ್ಕಿಂತ ಮುಂದೆ ಹೋಗಬಾರದು. ಭುಜ ಸೊಂಟಕ್ಕಿಂತ ಮುಂದೆ, ಬೆನ್ನು ಉದ್ದವಾಗಿ, ಕೈ ನೇರವಾಗಿ. ಬಾಗುವುದು ಸೊಂಟದ ಕೀಲಿನಿಂದ, ನಡುಬೆನ್ನಿನಿಂದಲ್ಲ. ಇಲ್ಲಿಂದ ಹಲಗೆಯನ್ನು ಕಾಲಿನಿಂದ ದೂರ ತಳ್ಳಿ. ಹ್ಯಾಂಡಲ್ ಎಳೆಯುತ್ತೇನೆ ಎಂಬ ಯೋಚನೆಯೇ ಬೇಡ. ಸೀಟು ಒಂದಂಗುಲ ಹಿಂದೆ ಸರಿದರೆ ಹ್ಯಾಂಡಲ್ಲೂ ಒಂದಂಗುಲ ಸರಿಯಬೇಕು. ಸೀಟು ಹಿಂದೆ ಓಡಿ ಹ್ಯಾಂಡಲ್ ಅಲ್ಲೇ ಉಳಿದರೆ ಕಾಲಿನ ಬಲ ಚೈನಿಗೆ ತಲುಪದೆ ವ್ಯರ್ಥವಾಗುತ್ತದೆ, ಬಳಿಕ ಸೋತ ಬೆನ್ನು ಒಂದೇ ಆ ಕೆಲಸವನ್ನೆಲ್ಲ ಹೊರಬೇಕಾಗುತ್ತದೆ. ರೋಯಿಂಗ್‌ನಲ್ಲಿ ಸೊಂಟನೋವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಕಾಲು ಮುಕ್ಕಾಲು ಪಾಲು ಚಾಚಿದ ಮೇಲೆ ಬೆನ್ನು ತೆರೆದುಕೊಳ್ಳಲಿ, ಅದೂ ನೆಟ್ಟಗಿನ ಸ್ಥಾನದಿಂದ ಸ್ವಲ್ಪವೇ ಹಿಂದಕ್ಕೆ, ಗಡಿಯಾರದಲ್ಲಿ ಹನ್ನೊಂದು ಗಂಟೆಯ ಮುಳ್ಳಿನಷ್ಟು. ಕೊನೆಯಲ್ಲಿ ಕೈ ಮಡಚಿ ಹ್ಯಾಂಡಲನ್ನು ಪಕ್ಕೆಲುಬಿನ ಕೆಳಅಂಚಿಗೆ ತನ್ನಿ. ಕತ್ತಿನವರೆಗೆ ಎಳೆಯುವವರನ್ನು ಎಲ್ಲ ಜಿಮ್‌ಗಳಲ್ಲೂ ನೋಡಬಹುದು. ಅಲ್ಲಿ ಮೊಣಕೈ ಮೇಲೆದ್ದು ಭುಜ ಬಿಗಿಯುತ್ತದೆ, ವೇಗ ಕಾಸಿನಷ್ಟೂ ಕೂಡುವುದಿಲ್ಲ.

ಹಿಡಿತ ಬೆರಳುಗಳ ಕೊಕ್ಕೆಯಂತಿರಲಿ. ಮುಷ್ಟಿ ಬಿಗಿದರೆ ಮುಂಗೈ ನಾಲ್ಕೇ ನಿಮಿಷದಲ್ಲಿ ಕಲ್ಲಾಗುತ್ತದೆ. ಮಣಿಕಟ್ಟು ಮಡಚದೆ ಚಪ್ಪಟೆಯಾಗಿರಲಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ರಿಕವರಿಯನ್ನು. ಕೈ ಮೊದಲು ಚಾಚಬೇಕು, ಆಮೇಲೆ ಮೈ ಮುಂದೆ ಬಾಗಬೇಕು, ಹ್ಯಾಂಡಲ್ ಮಂಡಿಯನ್ನು ದಾಟಿದ ನಂತರವೇ ಮಂಡಿ ಏಳಬೇಕು. ಮಂಡಿ ಮೊದಲೇ ಎದ್ದರೆ ಹ್ಯಾಂಡಲ್ ಅದರ ಮೇಲಿಂದ ಹಾರಿ ಹೋಗಬೇಕಾಗುತ್ತದೆ, ಚೈನು ಅಲೆಯಂತೆ ಕುಣಿಯುತ್ತದೆ. ಚೈನು ಹೋಗಿಬರುವ ಗೆರೆ ಕಣ್ಣಿಗೆ ಒಂದೇ ಮಟ್ಟದಲ್ಲಿ ಕಾಣುತ್ತಿದ್ದರೆ ಕ್ರಮ ಸರಿಯಿದೆ ಎಂದರ್ಥ. ಕಡಿಮೆ ರೇಟ್‌ನಲ್ಲಿ, ಅಂದರೆ ನಿಮಿಷಕ್ಕೆ ಕಡಿಮೆ ಸ್ಟ್ರೋಕ್ ಎಳೆಯುವಾಗ, ಡ್ರೈವ್‌ಗೆ ಒಂದು ಪಾಲು ಸಮಯವಾದರೆ ರಿಕವರಿಗೆ ಎರಡು ಪಾಲು ಕೊಡಿ. ಮುಂದೆ ಬರುವಾಗ ಅವಸರ ಮಾಡಿದರೆ ಉಸಿರು ತಿರುಗಿಸಿಕೊಳ್ಳುವ ಬಿಡುವು ಕೈತಪ್ಪುತ್ತದೆ.

ಮಾನಿಟರಿನಲ್ಲಿ ಬಲದ ಗೆರೆಯನ್ನು ತೋರಿಸುವ ಪರದೆಯೊಂದಿದೆ. ನಿಧಾನದ ದಿನಗಳಲ್ಲಿ ಅದನ್ನೇ ಇಟ್ಟುಕೊಳ್ಳಿ. ಒಳ್ಳೆಯ ಸ್ಟ್ರೋಕ್ ಒಂದೇ ದುಂಡು ಗುಡ್ಡದಂತೆ ಬೇಗ ಏರಿ ನಯವಾಗಿ ಇಳಿಯುತ್ತದೆ. ನಡುವೆ ಹಳ್ಳ ಬಿದ್ದು ಎರಡು ಗುಡ್ಡವಾದರೆ ಕಾಲಿನಿಂದ ಬೆನ್ನಿಗೆ ಬಲ ದಾಟುವಲ್ಲಿ ಕೊಂಡಿ ತಪ್ಪಿದೆ. ಗುಡ್ಡದ ತುದಿ ತೀರಾ ಬಲಕ್ಕೆ ಸರಿದಿದ್ದರೆ ನೀವು ಕಾಲನ್ನು ಬಿಟ್ಟು ಕೈಯಲ್ಲಿ ಎಳೆಯುತ್ತಿದ್ದೀರಿ. ಕಿವಿಯೂ ಸಾಕ್ಷಿ ಹೇಳುತ್ತದೆ. ಕ್ಯಾಚ್ ಸರಿಯಿದ್ದರೆ ಚಕ್ರದ ಸದ್ದು ತಡವಿಲ್ಲದೆ ಏರುತ್ತದೆ. ಚೈನು ಸಡಿಲಾಗಿ ಆಮೇಲೆ ‘ಟಕ್’ ಎಂದು ಬಿಗಿದರೆ ಮುಂದೆ ಬಂದ ರಭಸಕ್ಕೆ ಮೈ ಹಲಗೆಗೆ ಬಡಿದಿದೆ, ಕಾಲು ಬಲ ಹಾಕುವಷ್ಟರಲ್ಲಿ ಹೊತ್ತು ಮೀರಿದೆ.

ಸ್ಪ್ಲಿಟ್, ವ್ಯಾಟ್, ರೇಟ್

ಈ ಮೂರರ ಸಂಬಂಧ ತಿಳಿಯದೆ ತರಬೇತಿ ಕುರುಡಾಗುತ್ತದೆ. ವೇಗಕ್ಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಲೆಕ್ಕ ಹೀಗೆ: ಒಂದು ಮೀಟರಿಗೆ ಹಿಡಿಯುವ ಸೆಕೆಂಡನ್ನು ಘನ ಮಾಡಿ, 2.80ನ್ನು ಅದರಿಂದ ಭಾಗಿಸಿದರೆ ವ್ಯಾಟ್ ಬರುತ್ತದೆ. 2:00 ಸ್ಪ್ಲಿಟ್‌ಗೆ ಸುಮಾರು 203 ವ್ಯಾಟ್, 1:50ಕ್ಕೆ 263, 1:45ಕ್ಕೆ 302, 1:40ಕ್ಕೆ 350. ಹತ್ತು ಸೆಕೆಂಡ್ ಇಳಿಸಲು 2:00ರ ಹತ್ತಿರ 60 ವ್ಯಾಟ್ ಸಾಕು, 1:50ರ ಹತ್ತಿರ 87 ಬೇಕು. ಮೊದಲ ವರ್ಷ ಸಮಯ ಸರಸರನೆ ಇಳಿದು ಆಮೇಲೆ ಒಂದೊಂದು ಸೆಕೆಂಡಿಗೂ ಹೆಣಗಬೇಕಾಗುವುದಕ್ಕೆ ಇದೂ ಒಂದು ಕಾರಣ.

ರೇಟ್ ಅಂದರೆ ನಿಮಿಷಕ್ಕೆ ಎಷ್ಟು ಸ್ಟ್ರೋಕ್. 1:50 ಸ್ಪ್ಲಿಟನ್ನು 30 ರೇಟ್‌ನಲ್ಲಿ ಹಿಡಿದರೆ 500 ಮೀಟರಿಗೆ 55 ಸ್ಟ್ರೋಕ್, ಒಂದು ಸ್ಟ್ರೋಕ್‌ಗೆ ಸುಮಾರು 9 ಮೀಟರ್. 2:12 ಸ್ಪ್ಲಿಟನ್ನು 20 ರೇಟ್‌ನಲ್ಲಿ ಹಿಡಿದರೆ 44 ಸ್ಟ್ರೋಕ್, ಒಂದಕ್ಕೆ 11 ಮೀಟರಿಗೂ ಹೆಚ್ಚು. ಅದೇ 2:12ನ್ನು 26 ರೇಟ್‌ನಲ್ಲಿ ತೆಗೆದರೆ ಮಾನಿಟರ್ ಅದೇ ಸ್ಪ್ಲಿಟ್ ತೋರಿಸುತ್ತದೆ, ಆದರೆ ಸ್ಟ್ರೋಕ್ ಪೊಳ್ಳಾಗಿರುತ್ತದೆ. ಸ್ಪರ್ಧೆಯ ದಿನ ರೇಟ್ ಏರಿಸಿ ವೇಗ ಪಡೆಯೋಣವೆಂದರೆ ಏರಿಸಲು ಜಾಗವೇ ಉಳಿದಿರುವುದಿಲ್ಲ. ನಿಧಾನದ ದಿನಗಳಲ್ಲಿ 18ರಿಂದ 20 ರೇಟ್ ಮೀರಬಾರದು ಎಂಬ ಕಟ್ಟುಪಾಡು ಇರುವುದು ಇದಕ್ಕಾಗಿಯೇ.

ಗುರಿ ಗೊತ್ತುಮಾಡುವುದು

ಮೊದಲ ವಾರವೇ 2000 ಮೀಟರ್ ಪರೀಕ್ಷೆಗೆ ಕೂರಬೇಡಿ. ಪೇಸಿಂಗ್ (ದೂರಕ್ಕೆ ತಕ್ಕಂತೆ ವೇಗ ಹಂಚಿಕೊಳ್ಳುವುದು) ಗೊತ್ತಿಲ್ಲದವರಿಗೆ ಅದು ಬರೀ ಯಾತನೆ, ಸಿಗುವ ಅಂಕಿಯೂ ನಂಬುವಂಥದ್ದಲ್ಲ. ಬದಲಿಗೆ 5000 ಮೀಟರನ್ನು ಸಮನಾದ ವೇಗದಲ್ಲಿ, ಕೊನೆಯ ಸಾವಿರ ಮಾತ್ರ ಬಿಗಿಯಾಗಿ ಎಳೆಯಿರಿ. ದೂರ ಎರಡು ಪಟ್ಟಾದಾಗ ಸ್ಪ್ಲಿಟ್ ಸುಮಾರು 5 ಸೆಕೆಂಡ್ ನಿಧಾನವಾಗುತ್ತದೆ ಎಂಬುದು ರೋಯಿಂಗ್‌ನವರು ಬಳಸುವ ಹಳೆಯ ಅಂದಾಜು. ಆ ಪ್ರಕಾರ 5000 ಮೀಟರಿನ ಸರಾಸರಿಯಿಂದ ಆರೂವರೆ ಸೆಕೆಂಡ್ ಕಳೆದರೆ 2000ದ ಸ್ಪ್ಲಿಟ್ ಸಿಗುತ್ತದೆ: 1:56.5 ಬಂದಿದ್ದರೆ 1:50. ಸಣ್ಣ ಓಟಗಳಲ್ಲಿ ಚುರುಕಾಗಿದ್ದು ದೂರಕ್ಕೆ ಬಂದಾಗ ಕುಸಿಯುವವರಿಗೆ ಈ ವ್ಯತ್ಯಾಸ ಆರೂವರೆಗಿಂತ ಹೆಚ್ಚಿರುತ್ತದೆ. ಅಂಥವರಿಗೆ ನಿಧಾನದ ಮೀಟರುಗಳೇ ಮದ್ದು.

ಹೃದಯದ ತೊಂದರೆ, ರಕ್ತದೊತ್ತಡ, ಹಳೆಯ ಬೆನ್ನುನೋವು ಇರುವವರು ಡಾಕ್ಟರನ್ನು ಕಂಡೇ ಮುಂದುವರಿಯಲಿ. ಎದೆನೋವು ಅಥವಾ ತಲೆಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಬೇಕು, ‘ಇನ್ನೊಂದು ನಿಮಿಷ’ ಎನ್ನಬಾರದು.

ಒಂದರಿಂದ ಐದನೇ ವಾರ: ನಿಧಾನದ ಮೀಟರುಗಳು

ವಾರಕ್ಕೆ ಐದು ದಿನ ಮಷೀನ್. ಅದರಲ್ಲಿ ಮೂರು ದಿನ ಒಂದು ಗಂಟೆಯ ನಿಧಾನದ ಕೆಲಸ: 20 ನಿಮಿಷದ ಮೂರು ತುಂಡು, ನಡುವೆ ನೀರು ಕುಡಿಯಲು ಎರಡು ನಿಮಿಷ. ರೇಟ್ 18ರಿಂದ 20, ಸ್ಪ್ಲಿಟ್ ಗುರಿಗಿಂತ 20ರಿಂದ 25 ಸೆಕೆಂಡ್ ನಿಧಾನ, ಅಂದರೆ ನಮ್ಮ ಉದಾಹರಣೆಯಲ್ಲಿ 2:10ರಿಂದ 2:15. ಹೃದಯ ಬಡಿತ ಗರಿಷ್ಠದ ಶೇ. 65ರಿಂದ 75ರೊಳಗೆ. ಅಳೆಯುವ ಪಟ್ಟಿ ಇಲ್ಲದಿದ್ದರೆ ಪೂರ್ತಿ ವಾಕ್ಯ ಆಡಲು ಆಗುತ್ತದೆಯೇ ನೋಡಿ. ಎರಡೆರಡು ಪದಕ್ಕೆ ಉಸಿರು ಕಟ್ಟುತ್ತಿದ್ದರೆ ವೇಗ ಹೆಚ್ಚಾಯಿತು. ಹೊಸಬರು ಗಂಟೆಗೆ ಹಾರದೆ 10 ನಿಮಿಷದ ಮೂರು ತುಂಡಿನಿಂದ ಶುರುಮಾಡಿ ವಾರವಾರ ಬೆಳೆಸಲಿ.

ಮೊದಲ ತುಂಡಿಗೂ ಮೂರನೆಯದಕ್ಕೂ ಸ್ಪ್ಲಿಟ್ ಒಂದೇ ಇದ್ದು ಬಡಿತ ಹತ್ತಕ್ಕಿಂತ ಹೆಚ್ಚು ಏರಿದ್ದರೆ ಒಂದೋ ವೇಗ ಜಾಸ್ತಿಯಾಗಿದೆ, ಇಲ್ಲವೇ ಕೋಣೆ ಬಿಸಿಯಾಗಿದೆ. ಮನೆಯೊಳಗೆ ಕೂತು ಎಳೆಯುವಾಗ ಮೈಗೆ ಎದುರುಗಾಳಿ ಇರುವುದಿಲ್ಲ, ಬೆವರು ಆರುವುದಿಲ್ಲ. ಒಂದು ಫ್ಯಾನನ್ನು ಪಕ್ಕದಿಂದ ಮೈಗೆ ಬೀಸುವಂತೆ ಇಡಿ. ಫ್ಲೈವೀಲ್ ಗೂಡಿಗೆ ನೇರವಾಗಿ ಬೀಸುವಂತೆ ಇಟ್ಟರೆ ಡ್ರ್ಯಾಗ್ ಅಂಕಿ ಬದಲಾಗಬಹುದು.

ನಾಲ್ಕನೇ ದಿನ ಸ್ವಲ್ಪ ಬಿಗಿ: 15 ನಿಮಿಷದ ಮೂರು ತುಂಡು, ನಡುವೆ ಮೂರು ನಿಮಿಷ ಬಿಡುವು, ರೇಟ್ 22ರಿಂದ 24, ಸ್ಪ್ಲಿಟ್ 2:02ರಿಂದ 2:05. ಐದನೇ ದಿನ ಬಲದ ಕೆಲಸ. ಒಂದು ನಿಮಿಷ ಗಟ್ಟಿಯಾಗಿ, ಒಂದು ನಿಮಿಷ ಹಗುರವಾಗಿ, ಹೀಗೆ ಹತ್ತು ಸಲ. ರೇಟ್ 20 ಮೀರಬಾರದು, ಸ್ಪ್ಲಿಟ್ ಮಾತ್ರ ಗುರಿಗಿಂತ ನಾಲ್ಕೈದು ಸೆಕೆಂಡಿನ ಒಳಗೇ ಇರಬೇಕು. ಈ ಹತ್ತು ನಿಮಿಷ ಸ್ಪರ್ಧೆಯ ಸ್ಟ್ರೋಕನ್ನು ಮೈಗೆ ಕಲಿಸಿಕೊಡುತ್ತದೆ. ಸೊಂಟ ಗುಂಡಗಾಗತೊಡಗಿದ ಕೂಡಲೇ ಆ ದಿನಕ್ಕೆ ಸಾಕು, ಎಣಿಕೆ ಎಷ್ಟಕ್ಕೇ ನಿಂತಿರಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ನಿಧಾನದ ದಿನ ಪಕ್ಕದವರ ಮಾನಿಟರ್ ನೋಡಿಯೋ ನಿನ್ನೆಯ ತಮ್ಮದೇ ಅಂಕಿ ನೋಡಿಯೋ 2:12ನ್ನು 2:05 ಮಾಡಿಬಿಡುವುದು. ಅದು ಬಿಗಿಯ ದಿನವೂ ಅಲ್ಲ, ನಿಧಾನದ ದಿನವೂ ಅಲ್ಲ. ಮರುದಿನದ ಕೆಲಸಕ್ಕೆ ಕಾಲಿನಲ್ಲಿ ಕಸುವಿರುವುದಿಲ್ಲ. ಎರಡೇ ವಾರಕ್ಕೆ ಮೈ ಹಣ್ಣಾಗಿ, ನಿದ್ದೆ ಕೆಟ್ಟು, ಬೆಳಗಿನ ಹೃದಯ ಬಡಿತ ಮಾಮೂಲಿಗಿಂತ ಏರಿ ನಿಂತಿರುತ್ತದೆ.

ಆರರಿಂದ ಹತ್ತನೇ ವಾರ: ಸ್ಪರ್ಧೆಯ ವೇಗ

ನಿಧಾನದ ಮೂರು ದಿನ ಹಾಗೆಯೇ ಉಳಿಯುತ್ತವೆ, ಬದಲಾಗುವುದು ಉಳಿದ ಎರಡು. ಒಂದು ದಿನ ಸಣ್ಣ ಇಂಟರ್ವಲ್, ಇನ್ನೊಂದು ದಿನ ಉದ್ದನೆಯದು. ಎರಡರ ನಡುವೆ ಕನಿಷ್ಠ ಎರಡು ದಿನ ಅಂತರವಿರಲಿ.

ಸಣ್ಣದಕ್ಕೆ ಹೆಸರುವಾಸಿಯಾದದ್ದು 500 ಮೀಟರಿನ ಎಂಟು ತುಂಡು, ನಡುವೆ ಮೂರೂವರೆ ನಿಮಿಷ ಬಿಡುವು. ರೇಟ್ 28ರಿಂದ 32, ಸ್ಪ್ಲಿಟ್ ಗುರಿಗಿಂತ ಒಂದರಿಂದ ಮೂರು ಸೆಕೆಂಡ್ ಚುರುಕು, ಅಂದರೆ 1:47ರಿಂದ 1:49. ಮೊದಲ ಸಲ ಏಳನೆಯದರವರೆಗೂ ಒಂದೇ ಸ್ಪ್ಲಿಟ್ ಹಿಡಿದು ಎಂಟನೆಯದನ್ನು ಮಾತ್ರ ಕೈಲಾದಷ್ಟು ಜೋರಾಗಿ ಎಳೆಯಿರಿ. ಮುಂದಿನ ಸಲ ಆ ಏಳರ ಗುರಿ ಹಿಂದಿನ ಒಟ್ಟು ಸರಾಸರಿ. ಹೀಗೆ ಮಾಡಿದರೆ ಪ್ರತಿ ಸಲವೂ ಪೂರ್ತಿ ಮುಗಿಸಬಹುದಾದ ಕೆಲಸವೇ ಎದುರಿಗಿರುತ್ತದೆ. ಮೊದಲೆರಡನ್ನು 1:43ರಲ್ಲಿ ಹೊಡೆದು ಕೊನೆಯೆರಡು 1:55ಕ್ಕೆ ಕುಸಿದರೆ ಸರಾಸರಿ ಚೆನ್ನಾಗಿ ಕಂಡರೂ ಕಲಿತದ್ದು ಕುಸಿಯುವುದನ್ನೇ.

ಉದ್ದನೆಯದಕ್ಕೆ ಒಂದು ವಾರ 1000 ಮೀಟರಿನ ನಾಲ್ಕು ತುಂಡು, ಐದು ನಿಮಿಷ ಬಿಡುವು, ರೇಟ್ 26ರಿಂದ 28, ಸ್ಪ್ಲಿಟ್ 1:51ರಿಂದ 1:52. ಮತ್ತೊಂದು ವಾರ ಹತ್ತು ನಿಮಿಷದ ಮೂರು ತುಂಡು, ಐದು ನಿಮಿಷ ಬಿಡುವು, ರೇಟ್ 24ರಿಂದ 26, ಸ್ಪ್ಲಿಟ್ 1:57ರಿಂದ 1:59. ಇವೆರಡರಲ್ಲಿ ಸಾವಿರದ ನಾಲ್ಕು ತುಂಡು ನಿಜ ಹೇಳುವ ಕನ್ನಡಿ. ಅದರ ಸರಾಸರಿ 1:55ರ ಸುತ್ತ ನಿಂತಿದ್ದರೆ ಸ್ಪರ್ಧೆಯಲ್ಲಿ 1:50 ಬರುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ, ಗುರಿಯನ್ನು ಈಗಲೇ ತಿದ್ದಿಕೊಳ್ಳಿ.

ಬಿಡುವಿನಲ್ಲಿ ಸುಮ್ಮನೆ ಕೂರದೆ ಹಗುರವಾಗಿ ಎಳೆಯುತ್ತಿರಿ. ಎಂಟನೇ ವಾರದ ಕೊನೆಗೆ ಒಂದು ಪೂರ್ತಿ 2000 ಮೀಟರ್ ಪರೀಕ್ಷೆ ಇಟ್ಟುಕೊಳ್ಳಿ. ಅದಕ್ಕಿಂತ ಪದೇಪದೇ ಬೇಡ. ಒಂದು ಪರೀಕ್ಷೆ ಮೈಯಿಂದಲೂ ಮನಸ್ಸಿನಿಂದಲೂ ಹೀರುವುದನ್ನು ತುಂಬಿಕೊಳ್ಳಲು ದಿನಗಳೇ ಹಿಡಿಯುತ್ತವೆ.

ತೂಕ ಎತ್ತುವ ಕೆಲಸವನ್ನು ವಾರಕ್ಕೆರಡು ಸಲ, ಸ್ಕ್ವಾಟ್, ಡೆಡ್‌ಲಿಫ್ಟ್, ಹೊಟ್ಟೆ ಮತ್ತು ಪಕ್ಕೆಯ ಸ್ನಾಯುಗಳಿಗೆ ಪ್ಲ್ಯಾಂಕ್, ಇಷ್ಟಕ್ಕೆ ನಿಲ್ಲಿಸಿ. ಬಿಗಿಯ ಇಂಟರ್ವಲ್‌ನ ಹಿಂದಿನ ದಿನ ಡೆಡ್‌ಲಿಫ್ಟ್ ಇಟ್ಟುಕೊಳ್ಳಬೇಡಿ.

ನೋವು ಮತ್ತು ಗಾಯ

ಬೆರಳುಗಳ ಬುಡದಲ್ಲಿ ಬೊಬ್ಬೆ ಏಳುವುದು ಸಹಜ. ಒಡೆಯದಿದ್ದರೆ ಮುಟ್ಟಬೇಡಿ. ಒಡೆದರೆ ತೊಳೆದು, ಒಣಗಿಸಿ, ಮೇಲೆ ಟೇಪು ಸುತ್ತಿ. ಗಟ್ಟಿಯಾದ ಮೇಲೆ ಏಳುವ ದಡ್ಡಿನ ಅಂಚನ್ನು ಸ್ನಾನದ ನಂತರ ಉಜ್ಜಿ ತೆಳುಮಾಡುತ್ತಿರಿ, ಇಲ್ಲವಾದರೆ ಅದು ಹ್ಯಾಂಡಲಿಗೆ ಸಿಕ್ಕಿ ಬುಡಸಹಿತ ಕಿತ್ತುಬರುತ್ತದೆ. ಹ್ಯಾಂಡಲನ್ನು ಪ್ರತಿ ಸಲ ಒರೆಸಿಡಿ.

ಎರಡು ನೋವುಗಳನ್ನು ಕಡೆಗಣಿಸುವಂತಿಲ್ಲ. ಒಂದು ಸೊಂಟದ ಕೆಳಭಾಗದ್ದು. ಅದು ಕಾಲಿಗೆ ಇಳಿದರೆ, ಇಲ್ಲವೇ ಬೆಳಗ್ಗೆ ಏಳುವಾಗ ಬಿಗಿದು ಹಿಡಿದರೆ ಮಷೀನನ್ನು ಬಿಟ್ಟು ಸೈಕಲ್ಲಿಗೆ ಹೋಗಿ, ತಜ್ಞರಿಗೆ ತೋರಿಸಿ. ಇನ್ನೊಂದು ಪಕ್ಕೆಲುಬಿನ ಒಂದೇ ಬಿಂದುವಿನಲ್ಲಿ ಕುಟ್ಟುವ ನೋವು, ಕೆಮ್ಮಿದಾಗಲೂ ಮಗ್ಗುಲು ಬದಲಿಸಿದಾಗಲೂ ಚುಚ್ಚುವಂಥದ್ದು. ರೋಯಿಂಗ್‌ನವರಲ್ಲಿ ಪಕ್ಕೆಲುಬಿಗೆ ಒತ್ತಡದ ಬಿರುಕು ಬೀಳುವುದು ಎಲ್ಲರಿಗೂ ಗೊತ್ತಿರುವ ವಿಷಯ. ತರಬೇತಿಯ ಪ್ರಮಾಣವನ್ನು ಒಮ್ಮೆಗೇ ಏರಿಸಿದಾಗ ಹೆಚ್ಚಾಗಿ ಕಾಣುತ್ತದೆ. ಅದರ ಮೇಲೆ ಎಳೆದರೆ ವಾರಗಳ ವಿಶ್ರಾಂತಿ ತಿಂಗಳುಗಳಾಗುತ್ತದೆ.

ಹಗುರ ತೂಕದ ವಿಭಾಗವಿರುವ ಸ್ಪರ್ಧೆಗಳಲ್ಲಿ ಮಿತಿ ಸಾಮಾನ್ಯವಾಗಿ ಗಂಡಸರಿಗೆ 75 ಕಿಲೋ, ಹೆಂಗಸರಿಗೆ 61.5 ಕಿಲೋ. ಮಿತಿಯ ಆಸುಪಾಸಿನಲ್ಲಿರುವವರು ತಿಂಗಳುಗಳ ಮೊದಲೇ ನಿಧಾನವಾಗಿ ಇಳಿಸಿಕೊಳ್ಳಲಿ. ಕೊನೆಯೆರಡು ದಿನ ನೀರು ಬಿಟ್ಟು, ಬೆವರು ಹರಿಸಿ ತಕ್ಕಡಿ ಏರುವುದು ಜೀವಕ್ಕೇ ಅಪಾಯ, ಓಟವೂ ಕೆಡುತ್ತದೆ.

ಕೊನೆಯ ಎರಡು ವಾರ

ಹನ್ನೊಂದನೇ ವಾರ ಒಟ್ಟು ಮೀಟರುಗಳನ್ನು ಮೂರನೇ ಒಂದು ಭಾಗ ಕಡಿಮೆ ಮಾಡಿ, ಹನ್ನೆರಡನೇ ವಾರ ಅರ್ಧಕ್ಕೆ ತನ್ನಿ. ಕಡಿಮೆಯಾಗಬೇಕಾದ್ದು ಪ್ರಮಾಣ ಮಾತ್ರ, ವೇಗವಲ್ಲ. ಸ್ಪರ್ಧೆಗೆ ಏಳೆಂಟು ದಿನ ಮೊದಲು 1000 ಮೀಟರ್ ಒಂದು, 500 ಮೀಟರ್ ಎರಡು, ಸ್ಪರ್ಧೆಯ ವೇಗದಲ್ಲೇ, ನಡುವೆ ಧಾರಾಳ ಬಿಡುವು ಕೊಟ್ಟು ಎಳೆಯಿರಿ. ಮೂರು ದಿನ ಮೊದಲು 250 ಮೀಟರಿನ ನಾಲ್ಕು ತುಂಡು ಸಾಕು. ಈ ದಿನಗಳಲ್ಲಿ ಕಾಲು ಭಾರವೆನಿಸಿ, ಎಲ್ಲ ಕೈಬಿಟ್ಟುಹೋಗುತ್ತಿದೆ ಎಂಬ ದಿಗಿಲು ಬಹಳ ಮಂದಿಗೆ ಬರುತ್ತದೆ. ಅದಕ್ಕೆ ಮಣಿದು ಇನ್ನೊಂದು ಪರೀಕ್ಷೆಗೆ ಕೂತರೆ ಹನ್ನೆರಡು ವಾರದ ಫಲವನ್ನು ಅಲ್ಲೇ ಖರ್ಚು ಮಾಡಿದಂತೆ.

ಪ್ರಾರಂಭವನ್ನು ಅಭ್ಯಾಸ ಮಾಡುವುದೂ ಈಗಲೇ. ಸ್ಪರ್ಧೆಯಲ್ಲಿ ಚಕ್ರ ಪೂರ್ತಿ ನಿಂತಿರುತ್ತದೆ, ಮೊದಲ ಸ್ಟ್ರೋಕ್ ಅಷ್ಟೂ ಭಾರವನ್ನು ಎಬ್ಬಿಸಬೇಕು. ಮೊದಲನೆಯದು ಮುಕ್ಕಾಲು ಉದ್ದ, ಆಮೇಲೆ ಅರ್ಧ, ಅರ್ಧ, ಮುಕ್ಕಾಲು, ಐದನೆಯದು ಪೂರ್ತಿ. ನಿಂತ ಚಕ್ರದಿಂದ ದಿನಕ್ಕೆ ಐದಾರು ಸಲ ಹೀಗೆ ಹತ್ತತ್ತು ಸ್ಟ್ರೋಕ್ ಎಳೆದು ನೋಡಿ. ಪೂರ್ತಿ ಮಡಚಿದ ಮಂಡಿಯಿಂದ ನಿಂತ ಚಕ್ರವನ್ನು ಜಗ್ಗುವುದು ಸೊಂಟಕ್ಕೆ ಒಳ್ಳೆಯದಲ್ಲ.

ಸ್ಪರ್ಧೆಯ ದಿನ

ಊಟ ಮೂರು ಗಂಟೆ ಮೊದಲು, ಹೊಟ್ಟೆಗೆ ಪರಿಚಯವಿರುವುದನ್ನೇ. ವಾರ್ಮಪ್ 40 ನಿಮಿಷ ಮೊದಲು ಶುರುವಾಗಲಿ: ಹದಿನೈದು ನಿಮಿಷ ಹಗುರವಾಗಿ, ಬೆವರು ಒಸರುವವರೆಗೆ. ಆಮೇಲೆ ಸ್ಪರ್ಧೆಯ ವೇಗದಲ್ಲಿ ಹತ್ತು ಸ್ಟ್ರೋಕ್‌ನ ಮೂರು ಸುತ್ತು, ಅರ್ಧ ನಿಮಿಷದ ಒಂದು ಸುತ್ತು, ನಿಂತ ಚಕ್ರದಿಂದ ಎರಡು ಪ್ರಾರಂಭ. ಹತ್ತು ನಿಮಿಷ ಇರುವಾಗ ಮುಗಿಸಿ. ಬೆವರದೆ ಕೂತವರ ಎರಡನೇ ನಿಮಿಷ ನರಕವಾಗುತ್ತದೆ, ಏಕೆಂದರೆ ಆಮ್ಲಜನಕದ ಪೂರೈಕೆ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ.

ಮಷೀನ್ ಮೇಲೆ ಕೂತ ಕೂಡಲೇ ಡ್ರ್ಯಾಗ್ ಫ್ಯಾಕ್ಟರ್, ಕಾಲಿನ ಹಲಗೆಯ ಎತ್ತರ, ಪಟ್ಟಿ, ಮಾನಿಟರಿನ ಕೋನ, ಇದೇ ಸರದಿಯಲ್ಲಿ ನೋಡಿಕೊಳ್ಳಿ. ಪರದೆಯಲ್ಲಿ ‘ಸಿಟ್ ರೆಡಿ’, ‘ಅಟೆನ್ಷನ್’, ‘ರೋ’ ಎಂದು ಬರುತ್ತದೆ. ‘ರೋ’ ಬರುವ ಮುನ್ನ ಹ್ಯಾಂಡಲ್ ಎಳೆದು ಚಕ್ರ ಅಲುಗಿಸಿದರೆ ತಪ್ಪು ಪ್ರಾರಂಭ.

ಮೊದಲ ಹತ್ತು ಸೆಕೆಂಡ್ ಸ್ನಾಯುವಿನಲ್ಲಿ ಕೂಡಿಟ್ಟ ಶಕ್ತಿಯಿಂದ ನಡೆಯುತ್ತದೆ. ಆಗ ಸ್ಪ್ಲಿಟ್ 1:40 ತೋರಿಸಿದರೂ ಗಾಬರಿ ಬೇಡ. ಅದೇ ವೇಗ ಹತ್ತು ಸೆಕೆಂಡ್ ದಾಟಿಯೂ ಉಳಿದರೆ ಮಾತ್ರ ಸಾಲ ಶುರುವಾಯಿತು. ಹದಿನೈದನೇ ಸ್ಟ್ರೋಕ್ ಹೊತ್ತಿಗೆ 1:50ಕ್ಕೆ, 30 ರೇಟ್‌ಗೆ ಇಳಿದಿರಬೇಕು. ಇಲ್ಲಿ ಇಳಿಯಲು ಧೈರ್ಯ ಬೇಕು, ಏಕೆಂದರೆ ಪಕ್ಕದ ಲೇನಿನವರು ಪರದೆಯಲ್ಲಿ ಮುಂದೆ ಓಡುತ್ತಿರುತ್ತಾರೆ, ನಿಮ್ಮ ಮೈಯೂ ಹಗುರವಾಗಿರುತ್ತದೆ. ಬರೀ ಮಷೀನಿನ ಲೆಕ್ಕ ತೆಗೆದರೆ ಅರ್ಧ ದೂರವನ್ನು 1:46ರಲ್ಲಿ, ಉಳಿದರ್ಧವನ್ನು 1:54ರಲ್ಲಿ ಎಳೆಯಲು ಸಮನಾಗಿ 1:50 ಹಿಡಿದದ್ದಕ್ಕಿಂತ ಶೇ. 0.5ರಷ್ಟೂ ಹೆಚ್ಚು ಶಕ್ತಿ ಬೇಕಿಲ್ಲ. ಮೈಯ ಲೆಕ್ಕ ಬೇರೆ. 1:46ಕ್ಕೆ 294 ವ್ಯಾಟ್ ಬೇಕು. ಅದು ನಿಮ್ಮ ಸಾಮರ್ಥ್ಯಕ್ಕಿಂತ 31 ವ್ಯಾಟ್ ಹೆಚ್ಚು, ಆ ಹೆಚ್ಚಿಗೆಯೆಲ್ಲ ಆಮ್ಲಜನಕವಿಲ್ಲದ ದಾರಿಯಿಂದ ಬರುತ್ತದೆ. ಅದರ ಉರಿ ಕಾಲಿನಲ್ಲಿ ತುಂಬಿಕೊಂಡ ಮೇಲೆ 1:54 ಕೂಡ ನಿಲ್ಲುವುದಿಲ್ಲ.

ನಾಲ್ಕು ಭಾಗಗಳಿಗೆ ಹೀಗೆ ಹಂಚಿಕೊಳ್ಳಿ: ಮೊದಲ 500 ಮೀಟರ್ 1:49.5, ಎರಡನೆಯದು 1:50.5, ಮೂರನೆಯದು 1:50.5, ಕೊನೆಯದು 1:49.5. ಕೂಡಿದರೆ 7:20. ಒಟ್ಟು ಸುಮಾರು 220 ಸ್ಟ್ರೋಕ್. ಮೀಟರ್ ಎಣಿಸುವುದಕ್ಕಿಂತ ಹತ್ತು ಹತ್ತು ಸ್ಟ್ರೋಕ್ ಎಣಿಸುವುದು ಸುಲಭ. ಒಂದು ಹತ್ತರಲ್ಲಿ ಕಾಲಿನ ತಳ್ಳುವಿಕೆ, ಮುಂದಿನ ಹತ್ತರಲ್ಲಿ ಉದ್ದ, ಅದರ ಮುಂದಿನದರಲ್ಲಿ ಭುಜ ಸಡಿಲ, ಹೀಗೆ ಒಂದೊಂದಕ್ಕೆ ಗಮನ ಕೊಡಿ. ಉಸಿರು ಒಂದು ಸ್ಟ್ರೋಕ್‌ಗೆ ಎರಡು ಸಲ ಬಿಡುವ ಲಯಕ್ಕೆ ಬಂದಿರಲಿ, ಡ್ರೈವ್‌ನ ಕೊನೆಗೊಂದು, ಕ್ಯಾಚ್‌ಗೆ ಮುನ್ನ ಇನ್ನೊಂದು.

ಕಷ್ಟವೆಲ್ಲ ಇರುವುದು ಮೂರನೇ 500ರಲ್ಲಿ. ಹೊಸತನ ಕಳೆದಿರುತ್ತದೆ, ದಡ ಕಾಣುವುದಿಲ್ಲ, ಹ್ಯಾಂಡಲ್ ಬಿಟ್ಟುಬಿಡುವ ಆಸೆ ಹುಟ್ಟುವುದು ಇಲ್ಲಿಯೇ. ಸ್ಪ್ಲಿಟ್ 1:52ಕ್ಕೆ ಜಾರಿದರೆ ರೇಟ್ ಏರಿಸಲು ಹೋಗಬೇಡಿ. ಏರಿಸಿದರೆ ಸ್ಟ್ರೋಕ್ ಗಿಡ್ಡವಾಗಿ ಇನ್ನೂ ಜಾರುತ್ತದೆ. ರಿಕವರಿಯನ್ನು ಕೂದಲೆಳೆಯಷ್ಟು ನಿಧಾನ ಮಾಡಿ, ಐದು ಸ್ಟ್ರೋಕ್ ಕಾಲಿನಿಂದ ಗಟ್ಟಿಯಾಗಿ ತಳ್ಳಿ. ಅಂಕಿ ತಾನಾಗಿ ಹಿಂದಕ್ಕೆ ಬರುತ್ತದೆ. ಮೊದಲ ಐದು ವಾರ 20 ರೇಟ್‌ನಲ್ಲಿ ಬೆಳೆಸಿದ ಸ್ಟ್ರೋಕ್ ಕೆಲಸಕ್ಕೆ ಬರುವ ಜಾಗ ಇದು. 400 ಮೀಟರ್ ಉಳಿದಾಗ ರೇಟನ್ನು ಎರಡು ಏರಿಸಿ, 200 ಉಳಿದಾಗ ಇನ್ನೆರಡು. ಕೊನೆಯ 100ರಲ್ಲಿ ಚೆಂದ ಕೆಟ್ಟರೂ ಪರವಾಗಿಲ್ಲ, ಉದ್ದ ಮಾತ್ರ ಕಡಿಮೆಯಾಗದಿರಲಿ.

ಮುಗಿದ ಮೇಲೆ ಹ್ಯಾಂಡಲನ್ನು ಕೈಯಿಂದ ಹಾರಿಸಬೇಡಿ, ಚೈನು ಸೆಳೆದುಕೊಂಡು ಮುಂಭಾಗಕ್ಕೆ ಬಡಿಯುತ್ತದೆ. ನಿಧಾನಕ್ಕೆ ಮುಂದೆ ತಂದು ಕೊಕ್ಕೆಗೆ ಸಿಕ್ಕಿಸಿ. ಎರಡು ನಿಮಿಷ ಸುಧಾರಿಸಿಕೊಂಡು ಹತ್ತು ನಿಮಿಷ ಹಗುರವಾಗಿ ಎಳೆಯಿರಿ. ಒಣ ಕೆಮ್ಮು ಒಂದೆರಡು ಗಂಟೆ ಕಾಡಬಹುದು, ಜೋರು ಉಸಿರಾಟದ ನಂತರ ಅದು ಸಾಮಾನ್ಯ.

ಮಾನಿಟರ್ ಆರಿಸುವ ಮೊದಲು ನಾಲ್ಕು 500ಗಳ ಸಮಯವನ್ನು ಬರೆದುಕೊಳ್ಳಿ. ಮೊದಲನೆಯದು ಸರಾಸರಿಗಿಂತ ಎರಡು ಸೆಕೆಂಡಿಗೂ ಹೆಚ್ಚು ಚುರುಕಾಗಿದ್ದು ಮೂರನೆಯದು ಅಷ್ಟೇ ಕುಸಿದಿದ್ದರೆ ಮುಂದಿನ ಸಲ ತಿದ್ದಬೇಕಾದ್ದು ಮೊದಲ ಹದಿನೈದು ಸ್ಟ್ರೋಕ್. ಎರಡನೆಯದರಿಂದಲೇ ಇಳಿಜಾರು ಶುರುವಾಗಿದ್ದರೆ ಗುರಿಯೇ ಮೈಗೆ ಮೀರಿದ್ದು, ಇನ್ನಷ್ಟು ನಿಧಾನದ ಮೀಟರುಗಳು ಬೇಕು. ಕೊನೆಯದು ಮೂರನೆಯದಕ್ಕಿಂತ ನಾಲ್ಕು ಸೆಕೆಂಡ್ ಚುರುಕಾಗಿದ್ದರೆ ನಡುವಿನ ಸಾವಿರ ಮೀಟರಿನಲ್ಲಿ ಒಂದಿಷ್ಟು ಉಳಿಸಿಕೊಂಡಿದ್ದೀರಿ. ಮುಂದಿನ ತಯಾರಿಯಲ್ಲಿ ಗುರಿಯ ಸ್ಪ್ಲಿಟನ್ನು ಒಂದು ಸೆಕೆಂಡ್ ಇಳಿಸಿ ಲೆಕ್ಕ ಹಾಕಿ.